ಎಮ್ಮೆಗೆ ಇಂಜೆಕ್ಷನ್ ಮಾಡಿಸಿದ್ರೆ ಎಷ್ಟು ದಿನ ಹಾಲು ಮಾರಬಾರದು?

ಬೆಳಗಾವಿ: ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಮೊಸರಾಗಿಲ್ಲ ಅಂದ್ರೆ ನಾವು ಬೈಯೋದು ಚಳಿಗೆ. ಕೆಲವೊಮ್ಮೆ ಕಾರಣ ಹಾಲಿನಲ್ಲೇ ಇರುತ್ತದೆ. ಅದರಲ್ಲಿ ಆ್ಯಂಟಿಬಯೋಟಿಕ್ ಉಳಿದಿದ್ದರೆ ಮೊಸರು ಮಾಡುವ ಬ್ಯಾಕ್ಟೀರಿಯಾ ಬೆಳೆಯೋದಿಲ್ಲ.

ಕೆಚ್ಚಲು ಬಾವಿಗೆ ಕೊಡುವ ಇಂಜೆಕ್ಷನ್ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ. ಪೆನಿಸಿಲಿನ್‌ನಂಥ ಔಷಧ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಸ್ವಲ್ಪ ಹಾಲಿಗೂ ಇಳಿಯುತ್ತದೆ. ಮೊಲೆಗೇ ಟ್ಯೂಬ್ ಏರಿಸಿದರೆ ಹಾಲಿನಲ್ಲಿ ಇನ್ನೂ ಹೆಚ್ಚು. ಒಂದೇ ಮೊಲೆಗೆ ಏರಿಸಿದ್ರೂ ನಾಲ್ಕೂ ಮೊಲೆಯ ಹಾಲು ಬಿಡಬೇಕು.

ಕಾಯಿಸಿದ್ರೆ ಹೋಗಲ್ವಾ? ಇಲ್ಲ. ಕುಂದಾಕ್ಕೆ ಕುದಿಸಿದಷ್ಟು ಕುದಿಸಿದರೂ ಪೂರ್ತಿ ಹೋಗುವ ಖಾತ್ರಿ ಇಲ್ಲ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಇದು ಅಪಾಯ. ರೋಗಾಣುಗಳೂ ಔಷಧಕ್ಕೆ ಬಗ್ಗದಂತಾಗುತ್ತವೆ.

ಎಷ್ಟು ದಿನ ಹಾಲು ಬಳಸಬಾರದು ಅಂತ ಔಷಧದ ಲೇಬಲ್ ಮೇಲೆ ಇರಬೇಕು. ಇಲ್ಲದಿದ್ದರೆ ಕನಿಷ್ಠ 7 ದಿನ ಎನ್ನುತ್ತದೆ 2012ರ ಕೇಂದ್ರ ನಿಯಮ.

ಖಾನಾಪುರದ ಹಳ್ಳಿಯಲ್ಲಿ ಒಂದೆರಡು ಎಮ್ಮೆ ಕಟ್ಟಿದವರಿಗೆ ವಾರದ ಹಾಲು ಚೆಲ್ಲೋದು ಸಣ್ಣ ಮಾತಲ್ಲ. ಆದ್ರೆ ಅದೇ ಹಾಲು ಡೇರಿ ಕ್ಯಾನಿಗೆ ಬಿದ್ದರೆ ಊರಿನವರ ಹಾಲೆಲ್ಲ ಕೆಟ್ಟಂತೆ. ಅದಕ್ಕೇ ಇಂಜೆಕ್ಷನ್ ಮಾಡಿಸಿದ ದಿನವೇ ಡಾಕ್ಟರನ್ನು ಕೇಳಿ, ಹಾಲು ಹಾಕುವ ತಾರೀಖು ಕೊಟ್ಟಿಗೆ ಗೋಡೆ ಮೇಲೆ ಬರೆದಿಡಿ.