ವರ್ತಕರಿಗೆ ವ್ಯಾಯಾಮ ಎಷ್ಟು ಬೇಕು?

ಪ್ರತಿ ವರ್ಷ ಮಾರ್ಚ್ 31ರಂದು ಲೆಕ್ಕಪತ್ರಗಳನ್ನು ಮುಕ್ತಾಯಗೊಳಿಸುವಾಗ ಕಾರ್ಖಾನೆಯ ಯಂತ್ರಗಳಿಗೆ, ಸರಕು ಸಾಗಿಸುವ ವಾಹನಕ್ಕೆ, ಕಚೇರಿಯ ಕುರ್ಚಿ ಮೇಜುಗಳಿಗೂ ಸವಕಳಿಯನ್ನು ತಪ್ಪದೆ ಲೆಕ್ಕ ಹಾಕಲಾಗುತ್ತದೆ. ಅವೆಲ್ಲವನ್ನೂ ನಡೆಸುವ ಮಾಲೀಕನ ದೇಹದ ಸವಕಳಿಗೆ ಮಾತ್ರ ಯಾವ ಪುಸ್ತಕದಲ್ಲಿಯೂ ಖಾತೆಯಿಲ್ಲ. ದೊಡ್ಡ ಕಂಪನಿಯ ಅಧ್ಯಕ್ಷರು ಆರು ತಿಂಗಳು ಹಾಸಿಗೆ ಹಿಡಿದರೂ ಕಂಪನಿಯ ವ್ಯವಹಾರ ನಿಲ್ಲುವುದಿಲ್ಲ. ಏಕಮಾಲೀಕತ್ವದ ಅಂಗಡಿಗೆ ಆ ಅನುಕೂಲವಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಮಾಲೀಕ ಬೇರೆ, ವ್ಯಾಪಾರ ಬೇರೆ ಅಲ್ಲ. ಪಾಲುದಾರಿಕೆ ಸಂಸ್ಥೆಯಾಗಿದ್ದರೆ, ಪಾಲುಪತ್ರದಲ್ಲಿ ಬೇರೆ ಕರಾರು ಇಲ್ಲದಿದ್ದಲ್ಲಿ, 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 42ನೇ ಕಲಮಿನ ಪ್ರಕಾರ ಒಬ್ಬ ಪಾಲುದಾರನ ಮರಣದೊಂದಿಗೆ ಸಂಸ್ಥೆಯೇ ವಿಸರ್ಜನೆಗೊಳ್ಳುತ್ತದೆ. ಬ್ಯಾಂಕಿನ ಓವರ್‌ಡ್ರಾಫ್ಟ್, ಪೇಟೆಯಲ್ಲಿನ ಪತ್ತು, ಉದ್ದರಿಯ ನೆನಪು ಎಲ್ಲವೂ ಒಬ್ಬ ವ್ಯಕ್ತಿಯ ಮೇಲೆ ನಿಂತಿರುತ್ತವೆ. ಯಾರಿಂದ ಎಷ್ಟು ಬರಬೇಕೆಂಬುದು ಆತನ ತಲೆಯಲ್ಲಿ ಮಾತ್ರ ಇತ್ತೆಂದು ಮನೆಯವರಿಗೆ ತಿಳಿಯುವುದು ಆತ ತೀವ್ರ ನಿಗಾ ಘಟಕದಲ್ಲಿರುವಾಗ.

ಆದ್ದರಿಂದ ವ್ಯಾಯಾಮದ ವಿಷಯವು ಈ ಪುಟಗಳಿಗೆ ಹೊರಗಿನದೇನಲ್ಲ. ವೈದ್ಯರು ‘ವ್ಯಾಯಾಮ ಮಾಡಿ’ ಎನ್ನುತ್ತಾರೆ. ವರ್ತಕನು ಸಹಜವಾಗಿಯೇ ‘ಎಷ್ಟು?’ ಎಂದು ಕೇಳುತ್ತಾನೆ. ಪ್ರಮಾಣ ತಿಳಿಯದೆ ಯಾವ ಸರಕನ್ನೂ ಕೊಳ್ಳದವನ ಪ್ರಶ್ನೆ ಅದು, ನ್ಯಾಯವಾದದ್ದೇ. ಸರಿಯಾದ ಉತ್ತರ ದೊರೆಯದೆ ಹೋದಾಗ ಆತ ಎರಡು ಸಮಾಧಾನಗಳಲ್ಲಿ ಒಂದನ್ನು ಹೇಳಿಕೊಳ್ಳುತ್ತಾನೆ: ‘ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ಓಡಾಡುತ್ತಲೇ ಇರುತ್ತೇನೆ, ಬೇರೆ ವ್ಯಾಯಾಮವೇಕೆ?’ ಅಥವಾ ‘ದಿನಕ್ಕೊಂದು ಗಂಟೆ ಬಿಡುವು ಸಿಕ್ಕರೆ ಮಾಡಬಹುದಿತ್ತು.’ ಲಭ್ಯವಿರುವ ಅಂಕಿ ಅಂಶಗಳನ್ನು ಪರಿಶೀಲಿಸಿದರೆ ಎರಡೂ ನಿಲ್ಲುವುದಿಲ್ಲ.

ಲಂಡನ್ನಿನ ಬಸ್ಸುಗಳು

ದೈಹಿಕ ಶ್ರಮಕ್ಕೂ ಹೃದಯದ ಆರೋಗ್ಯಕ್ಕೂ ಇರುವ ಸಂಬಂಧವನ್ನು ಲೆಕ್ಕಕ್ಕೆ ತಂದವರಲ್ಲಿ ಮೊದಲಿಗರು ಬ್ರಿಟನ್ನಿನ ವೈದ್ಯ ಜೆರಿ ಮಾರಿಸ್. ಎರಡನೆಯ ಮಹಾಯುದ್ಧದ ನಂತರ ಆ ದೇಶದಲ್ಲಿ ಹೃದಯಾಘಾತಗಳು ಏರತೊಡಗಿದಾಗ ಅವರು ಮತ್ತು ಅವರ ಸಹೋದ್ಯೋಗಿಗಳು ಲಂಡನ್ ಸಾರಿಗೆಯ ನೌಕರರ ದಾಖಲೆಗಳನ್ನು ಆಯ್ದುಕೊಂಡರು. ಎರಡಂತಸ್ತಿನ ಬಸ್ಸಿನ ಚಾಲಕ ಮತ್ತು ನಿರ್ವಾಹಕ ಒಂದೇ ಬಗೆಯ ಕುಟುಂಬಗಳಿಂದ ಬಂದವರು, ಒಂದೇ ಪಾಳಿಯಲ್ಲಿ ದುಡಿಯುವವರು. ವ್ಯತ್ಯಾಸವಿಷ್ಟೇ: ಚಾಲಕನು ಪಾಳಿಯ ಬಹುಭಾಗ ಕುಳಿತಿರುತ್ತಾನೆ, ನಿರ್ವಾಹಕನು ಟಿಕೆಟು ಕೊಡಲು ದಿನಕ್ಕೆ ಐನೂರು ಆರುನೂರು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಾನೆ. 1953ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಚಾಲಕರಿಗಿಂತ ಕಡಿಮೆಯಿತ್ತು, ಬಂದರೂ ತಡವಾಗಿ ಬರುತ್ತಿತ್ತು, ಮತ್ತು ಅಷ್ಟು ಮಾರಕವಾಗಿರಲಿಲ್ಲ. ಅಂಚೆ ಇಲಾಖೆಯಲ್ಲಿಯೂ ಇದೇ ಚಿತ್ರ ಕಂಡಿತು. ನಡೆದು ಅಥವಾ ಸೈಕಲ್ಲಿನಲ್ಲಿ ಕಾಗದ ಹಂಚುವ ಅಂಚೆಯವನ ಹೃದಯ ಕಚೇರಿಯ ಗುಮಾಸ್ತನ ಹೃದಯಕ್ಕಿಂತ ಗಟ್ಟಿಯಾಗಿತ್ತು.

ಆಕ್ಷೇಪಣೆಯೂ ಬಾರದಿರಲಿಲ್ಲ. ಮೊದಲೇ ಸ್ಥೂಲಕಾಯದವರು ಕುಳಿತು ಮಾಡುವ ಕೆಲಸವನ್ನು ಆಯ್ದುಕೊಂಡಿರಬಹುದಲ್ಲವೆ? ಮಾರಿಸ್ ಈ ಸಂಶಯವನ್ನು ತಳ್ಳಿಹಾಕದೆ, ಸಾರಿಗೆ ಸಂಸ್ಥೆಯು ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆಯ ದಾಖಲೆಗಳನ್ನೇ ತರಿಸಿ ನೋಡಿದರು. ಚಾಲಕರ ಸೊಂಟ ನಿಜಕ್ಕೂ ದಪ್ಪವಾಗಿತ್ತು. ಉಗ್ರಾಣದ ರಿಜಿಸ್ಟರಿನಿಂದಲೂ ವೈದ್ಯಕೀಯ ಸತ್ಯವನ್ನು ಹೊರತೆಗೆಯಬಹುದೆಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗಲಾರದು. ಅನಂತರದ ವರ್ಷಗಳಲ್ಲಿ ಅವರು ಕುಳಿತೇ ಕೆಲಸ ಮಾಡುವ ಸರ್ಕಾರಿ ಅಧಿಕಾರಿಗಳನ್ನು ಅಧ್ಯಯನ ಮಾಡಿ, ಬಿಡುವಿನ ವೇಳೆಯಲ್ಲಿ ಶ್ರಮದ ವ್ಯಾಯಾಮ ಮಾಡುವವರಿಗೆ ರಕ್ಷಣೆ ದೊರೆಯುವುದನ್ನು ತೋರಿಸಿದರು. ಸ್ವತಃ ವ್ಯಾಯಾಮಪ್ರಿಯರಾಗಿದ್ದ ಅವರು 2009ರಲ್ಲಿ ತೀರಿಕೊಂಡಾಗ ಅವರ ವಯಸ್ಸು 99.

ಈ ಮಾನದಿಂದ ನೋಡಿದರೆ ಗಲ್ಲಾಪೆಟ್ಟಿಗೆಯ ಹಿಂದೆ ಹನ್ನೆರಡು ತಾಸು ಕೂರುವ ಮಾಲೀಕನದು ಚಾಲಕನ ಸ್ಥಾನ. ಉಗ್ರಾಣದ ಅಟ್ಟ ಹತ್ತಿ ಇಳಿಯುವ ಹುಡುಗನದು ನಿರ್ವಾಹಕನ ಸ್ಥಾನ.

ವಾರಕ್ಕೆ 150 ನಿಮಿಷ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಇಲ್ಲವೆ 75ರಿಂದ 150 ನಿಮಿಷಗಳ ತೀವ್ರ ಶ್ರಮ ಅಗತ್ಯ. ಇದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವಿರಬೇಕು. ಸಾಧಾರಣ ಶ್ರಮವೆಂದರೆ ಯಾವುದು? ಅದಕ್ಕೆ ಯಂತ್ರವೇನೂ ಬೇಡ. ನಡೆಯುತ್ತಿರುವಾಗ ಪಕ್ಕದವರೊಂದಿಗೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ನಾಲ್ಕು ಮಾತು ಆಡುವಷ್ಟರಲ್ಲಿ ಏದುಸಿರು ಬಂದರೆ ಅದು ತೀವ್ರ ಶ್ರಮ. ಪೇಟೆಯ ಭಾವ ಚರ್ಚಿಸುತ್ತ, ಅಲ್ಲಲ್ಲಿ ನಿಲ್ಲುತ್ತ ಸಾಗುವ ಬೆಳಗಿನ ವಿಹಾರ ಈ ಎರಡರಲ್ಲಿ ಯಾವುದಕ್ಕೂ ಸೇರದು.

ವರ್ತಕರಿಗೆ ಹೆಚ್ಚು ಉಪಯುಕ್ತವಾದ ಬದಲಾವಣೆಯೊಂದು ಈ ಮಾರ್ಗಸೂಚಿಯಲ್ಲಿದೆ. ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ನಿರಂತರವಾಗಿ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆಂದು 2010ರ ಮಾರ್ಗಸೂಚಿ ಹೇಳಿತ್ತು. 2020ರಲ್ಲಿ ಆ ನಿರ್ಬಂಧವನ್ನು ಕೈಬಿಡಲಾಯಿತು. ಬ್ಯಾಂಕಿಗೆ ಬಿರುಸಾಗಿ ನಡೆದ ಆರು ನಿಮಿಷ, ಮೂರನೇ ಮಹಡಿಯ ಕಚೇರಿಗೆ ಮೆಟ್ಟಿಲು ಹತ್ತಿದ ಎರಡು ನಿಮಿಷ ಎಲ್ಲವೂ ಈಗ ಜಮೆಯಾಗುತ್ತವೆ.

ಭಾರತೀಯರಿಗೆ ಇಷ್ಟು ಸಾಕೆ ಎಂಬುದು ಬೇರೆ ಪ್ರಶ್ನೆ. ಪಾಶ್ಚಾತ್ಯರಿಗೆ ಹೋಲಿಸಿದರೆ ಭಾರತೀಯರಿಗೆ ಮಧುಮೇಹ ಕಡಿಮೆ ವಯಸ್ಸಿನಲ್ಲಿಯೇ, ದೇಹತೂಕ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಬರುತ್ತದೆ. ಇದನ್ನು ಗಮನಿಸಿ ಭಾರತದ ತಜ್ಞರು 2012ರಲ್ಲಿ ಪ್ರತ್ಯೇಕ ಒಮ್ಮತದ ಸಲಹೆಯನ್ನು ಪ್ರಕಟಿಸಿದರು: ದಿನಕ್ಕೆ 60 ನಿಮಿಷ. ಮೇಲ್ನೋಟಕ್ಕೆ ಇದು ಭಾರಿ ಏರಿಕೆಯಂತೆ ಕಂಡು, ಓದಿದವರು ಕೈಚೆಲ್ಲುವುದುಂಟು. ಆದರೆ ಎರಡೂ ಲೆಕ್ಕಗಳನ್ನು ತಾಳೆ ನೋಡಬೇಕು. ಆ 60ರಲ್ಲಿ ಬಿರುಸು ನಡಿಗೆಯಂತಹ ವ್ಯಾಯಾಮದ ಪಾಲು 30 ನಿಮಿಷ ಮಾತ್ರ. 15 ನಿಮಿಷ ದೈನಂದಿನ ಕೆಲಸದ ಓಡಾಟ, ಉಳಿದ 15 ನಿಮಿಷ ಸ್ನಾಯು ಬಲವರ್ಧನೆ. ಮೂವತ್ತನ್ನು ಏಳರಿಂದ ಗುಣಿಸಿದರೆ 210 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯ 150ರಿಂದ 300ರ ನಡುವೆಯೇ ಅದು ಬಂದು ನಿಲ್ಲುತ್ತದೆ. ಎರಡರ ನಡುವೆ ಕಾಣುವ ಅಂತರ ಬಹುಮಟ್ಟಿಗೆ ಶೀರ್ಷಿಕೆಯದು.

ಇದರಿಂದ ದೊರೆಯುವ ಪ್ರತಿಫಲಕ್ಕೆ ಭಾರತದ್ದೇ ಸಾಕ್ಷ್ಯವಿದೆ. ಚೆನ್ನೈನ ವೈದ್ಯ ಎ. ರಾಮಚಂದ್ರನ್ ಅವರ ತಂಡವು ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಅಧ್ಯಯನಕ್ಕೆ ಒಳಪಡಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಆಹಾರದ ಹಿಡಿತ ಮತ್ತು ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆಯಂತಹ ಬದಲಾವಣೆಗಳಿಂದಲೇ ಮಧುಮೇಹ ತಗಲುವ ಸಂಭವ ಶೇ. 28.5ರಷ್ಟು ಇಳಿದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10.1 ಕೋಟಿಯೆಂದೂ, ಹೊಸ್ತಿಲಲ್ಲಿರುವವರನ್ನು 13.6 ಕೋಟಿಯೆಂದೂ ಅಂದಾಜು ಮಾಡಿದೆ. ಈ ಹಿನ್ನೆಲೆಯಲ್ಲಿ ಶೇ. 28.5 ಎಂಬುದು ಸಣ್ಣ ಮೊತ್ತವಲ್ಲ.

ಮೊದಲ 15 ನಿಮಿಷಗಳ ಬೆಲೆ

ಅರ್ಥಶಾಸ್ತ್ರದ ಇಳಿಮುಖ ಪ್ರತಿಫಲ ನಿಯಮವನ್ನು ವಾಣಿಜ್ಯ ಪದವೀಧರರೆಲ್ಲರೂ ಓದಿರುತ್ತಾರೆ. ಗೊಬ್ಬರದ ಮೊದಲ ಚೀಲ ಕೊಡುವಷ್ಟು ಹೆಚ್ಚಳವನ್ನು ಐದನೆಯ ಚೀಲ ಕೊಡುವುದಿಲ್ಲ. ವ್ಯಾಯಾಮಕ್ಕೂ ಇದು ಅಕ್ಷರಶಃ ಅನ್ವಯಿಸುತ್ತದೆ. ತೈವಾನಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯ ತಪಾಸಣೆಯ ದಾಖಲೆಗಳನ್ನು ಆಧರಿಸಿ 2011ರಲ್ಲಿ ‘ಲ್ಯಾನ್ಸೆಟ್’ನಲ್ಲಿಯೇ ಪ್ರಕಟವಾದ ಅಧ್ಯಯನದ ಪ್ರಕಾರ, ಏನೂ ಮಾಡದವರಿಗೆ ಹೋಲಿಸಿದರೆ ದಿನಕ್ಕೆ ಸರಾಸರಿ 15 ನಿಮಿಷ ವ್ಯಾಯಾಮ ಮಾಡುವವರ ಮರಣದ ಅಪಾಯ ಶೇ. 14ರಷ್ಟು ಕಡಿಮೆ; ಆಯುಷ್ಯದ ನಿರೀಕ್ಷೆ ಮೂರು ವರ್ಷ ಹೆಚ್ಚು. ಅದರ ಮೇಲಿನ ಪ್ರತಿ 15 ನಿಮಿಷಕ್ಕೆ ದೊರೆತ ಹೆಚ್ಚುವರಿ ಇಳಿಕೆ ಶೇ. 4 ಮಾತ್ರ. ಮೊದಲ ಹೂಡಿಕೆಗೆ 14, ಎರಡನೆಯದಕ್ಕೆ 4. ‘ಒಂದು ಗಂಟೆ ಬಿಡುವಿಲ್ಲ’ವೆಂದು ಸುಮ್ಮನೆ ಕುಳಿತವನು ಕಳೆದುಕೊಳ್ಳುತ್ತಿರುವುದು ಈ ಮೊದಲ 14ನ್ನು.

ದಿನಕ್ಕೆ 10,000 ಹೆಜ್ಜೆ ನಡೆಯಲೇಬೇಕೆಂಬ ಮಾತಿನ ಮೂಲವೂ ವರ್ತಕರಿಗೆ ಸ್ವಾರಸ್ಯಕರವಾಗಿದೆ. 1964ರ ಟೋಕಿಯೋ ಒಲಿಂಪಿಕ್ಸ್‌ನ ಉತ್ಸಾಹ ಇನ್ನೂ ಆರದಿದ್ದಾಗ, 1965ರಲ್ಲಿ ಜಪಾನಿನ ಗಡಿಯಾರ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟು ಅದಕ್ಕೆ ‘ಮಾನ್ಪೋಕೇ’ ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂಬುದೇ ಆ ಹೆಸರಿನ ಅರ್ಥ. ಸರಕಿನ ಹೆಸರು ಮುಂದೆ ಆರೋಗ್ಯದ ನಿಯಮವಾಗಿ ಲೋಕವನ್ನೇ ಸುತ್ತಿತು. ಇಷ್ಟು ಯಶಸ್ವಿಯಾದ ಜಾಹೀರಾತು ವಿರಳ. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಸುಮಾರು 16,700 ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ವರದಿಯಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರ ಮರಣ ಪ್ರಮಾಣ ಶೇ. 41ರಷ್ಟು ಕಡಿಮೆಯಿತ್ತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಕಿರಿಯರಿಗೆ ಇದೇ ಅಂಕಿ ಅನ್ವಯಿಸಬೇಕೆಂದಿಲ್ಲವಾದರೂ, ಹತ್ತು ಸಾವಿರ ಮುಟ್ಟದ ದಿನ ನಷ್ಟದ ದಿನವೆಂದು ಭಾವಿಸಬೇಕಾಗಿಲ್ಲ.

ಅಂಗಡಿಯೊಳಗಿನ ಓಡಾಟ

ಇನ್ನು ‘ದಿನವಿಡೀ ಓಡಾಡುತ್ತೇನೆ’ ಎಂಬ ವಾದ. ಕೌಂಟರಿನ ಹಿಂದೆ ನಿಲ್ಲುವುದು ಕೂರುವುದಕ್ಕಿಂತ ಮೇಲು, ಆದರೆ ಉಸಿರಿನ ಗತಿಯನ್ನು ಅದು ಏರಿಸುವುದಿಲ್ಲ. ನಿಜವಾಗಿ ದುಡಿಯುವವರ ವಿಚಾರದಲ್ಲಿಯೂ ಚಿತ್ರ ಅಷ್ಟು ಸರಳವಾಗಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, ಬಿಡುವಿನ ವೇಳೆಯ ವ್ಯಾಯಾಮ ಹೆಚ್ಚಿದಂತೆ ಹೃದಯದ ಅಪಾಯ ಇಳಿಯಿತು. ಉದ್ಯೋಗದಲ್ಲಿನ ಭಾರದ ದುಡಿಮೆ ಹೆಚ್ಚಿದಂತೆ ಅಪಾಯ ಏರಿತು. ಎಪಿಎಂಸಿ ಪ್ರಾಂಗಣದ ಹಮಾಲಿ ದಿನಕ್ಕೆ ಹೊರುವ ಮೂಟೆಗಳಿಗೆ ವಿಶ್ರಾಂತಿಯ ಅವಧಿಯಿಲ್ಲ, ವೇಗದ ಆಯ್ಕೆ ಆತನದಲ್ಲ. ವ್ಯಾಯಾಮವೆನ್ನಿಸಿಕೊಳ್ಳುವುದಕ್ಕೆ ಈ ಎರಡೂ ಬೇಕೆಂದು ಆ ಸಂಶೋಧಕರು ವಿವರಿಸುತ್ತಾರೆ. ಕೂಲಿಯವರಿಗೆ ವ್ಯಾಯಾಮದ ಉಪದೇಶಕ್ಕಿಂತ ಮಧ್ಯಾಹ್ನದ ಅರ್ಧ ಗಂಟೆಯ ವಿರಾಮ ಹೆಚ್ಚು ಉಪಕಾರಿ ಎಂಬುದನ್ನು ಮಾಲೀಕರು ಗಮನಿಸಬಹುದು.

ದೀರ್ಘಕಾಲ ಕುಳಿತಿರುವುದರ ಹಾನಿಯನ್ನು ವ್ಯಾಯಾಮ ತೀರಿಸಬಲ್ಲದೆ? ತೀರಿಸಬಲ್ಲದು, ಆದರೆ ಬಡ್ಡಿ ದುಬಾರಿ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೂರುವವರು ಆ ಅಪಾಯವನ್ನು ಪೂರ್ಣ ಅಳಿಸಲು ದಿನಕ್ಕೆ 60ರಿಂದ 75 ನಿಮಿಷ ಶ್ರಮಿಸಬೇಕಾಗುತ್ತದೆ. ಅದಕ್ಕಿಂತ ಆಗಾಗ್ಗೆ ಗಾದಿಯಿಂದ ಏಳುವುದೇ ಅಗ್ಗ.

ರಾತ್ರಿ ಒಂಬತ್ತಕ್ಕೆ ಬಾಗಿಲೆಳೆದು, ಹತ್ತಕ್ಕೆ ಉಂಡು, ಹತ್ತೂವರೆಗೆ ಮಲಗುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಸಕ್ಕರೆಯ ಪ್ರಮಾಣ ಏರಿದ್ದ ವೃದ್ಧರ ಮೇಲೆ 2013ರಲ್ಲಿ ನಡೆದ ಅಮೆರಿಕದ ಚಿಕ್ಕ ಪ್ರಯೋಗವೊಂದರಲ್ಲಿ, ಪ್ರತಿ ಊಟದ ನಂತರದ 15 ನಿಮಿಷದ ನಡಿಗೆ ರಾತ್ರಿಯೂಟದ ಬಳಿಕ ಏರುವ ಸಕ್ಕರೆಯನ್ನು ಇಳಿಸುವಲ್ಲಿ ಬೆಳಗಿನ 45 ನಿಮಿಷದ ನಡಿಗೆಗಿಂತ ಪರಿಣಾಮಕಾರಿಯಾಗಿತ್ತು. ವಾರದ ರಜೆಯ ದಿನ ಮಾತ್ರ ಸಮಯ ಸಿಗುವವರೂ ನಿರಾಶರಾಗಬೇಕಿಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಸುಮಾರು 63,600 ಜನರ ಮಾಹಿತಿಯನ್ನಾಧರಿಸಿದ 2017ರ ವರದಿಯಲ್ಲಿ, ವಾರದ ವ್ಯಾಯಾಮವನ್ನೆಲ್ಲ ಒಂದೆರಡು ದಿನಗಳಲ್ಲೇ ಮುಗಿಸುವವರಲ್ಲಿಯೂ ಮರಣದ ಅಪಾಯ ನಿಷ್ಕ್ರಿಯರಿಗಿಂತ ಸುಮಾರು ಶೇ. 30ರಷ್ಟು ಕಡಿಮೆಯಿತ್ತು.

ಭಯ ಮತ್ತು ಎಚ್ಚರಿಕೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದಾಗ, ವ್ಯಾಯಾಮವೇ ಅದಕ್ಕೆ ಕಾರಣವೆಂಬ ಮಾತು ರಾಜ್ಯದೆಲ್ಲೆಡೆ ಹಬ್ಬಿತು. 2025ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಸಾಲುಸಾಲಾಗಿ ಬಂದಾಗ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಯು ಅಸಹಜ ಏರಿಕೆಯನ್ನು ಕಾಣಲಿಲ್ಲ. ಆದರೆ ಮೃತರಲ್ಲಿ ಆಟೋ ಮತ್ತು ಟ್ಯಾಕ್ಸಿ ಚಾಲಕರ ಪಾಲು ಗಣನೀಯವಾಗಿತ್ತೆಂದು ಗುರುತಿಸಿತು. ಎಪ್ಪತ್ತು ವರ್ಷಗಳ ನಂತರ ಮತ್ತೆ ಚಾಲಕರೇ.

ಭಯಕ್ಕೆ ಆಧಾರ ಇಲ್ಲವೆಂದಲ್ಲ, ಆದರೆ ಅದು ಅರ್ಧ ಸತ್ಯ. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಾರಕ್ಕೊಮ್ಮೆಯೂ ಶ್ರಮ ಮಾಡದವರಲ್ಲಿ ಹಠಾತ್ ಭಾರದ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ನೂರು ಪಟ್ಟಿಗೂ ಮೀರಿ ಏರುವುದನ್ನು ತೋರಿಸಿತು. ವಾರಕ್ಕೆ ಐದು ಬಾರಿಯಾದರೂ ಅಭ್ಯಾಸವಿರುವವರಲ್ಲಿ ಆ ಏರಿಕೆ 2.4 ಪಟ್ಟು ಮಾತ್ರ. ಅಪಾಯವಿರುವುದು ವ್ಯಾಯಾಮದಲ್ಲಿ ಅಲ್ಲ, ಹತ್ತು ವರ್ಷ ಸುಮ್ಮನಿದ್ದು ಒಂದು ಬೆಳಿಗ್ಗೆ ಭಾರ ಎತ್ತಲು ಹೊರಡುವುದರಲ್ಲಿ.

ನಲವತ್ತು ದಾಟಿದವರು, ಸಕ್ಕರೆ ಅಥವಾ ರಕ್ತದೊತ್ತಡ ಉಳ್ಳವರು, ಧೂಮಪಾನಿಗಳು, ಮನೆತನದಲ್ಲಿ ಹೃದಯದ ಕಾಯಿಲೆಯಿರುವವರು ತೀವ್ರ ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣುವುದು ಲೇಸು. ನಡೆಯುವಾಗ ಎದೆ ಹಿಡಿದಂತಾಗಿ ನಿಂತೊಡನೆ ಕಡಿಮೆಯಾದರೆ ಅದನ್ನು ವಾಯುವೆಂದು ಸೋಡಾ ಕುಡಿದು ಮರೆಯದೆ ಅದೇ ದಿನ ತೋರಿಸಬೇಕು. ಉಳಿದವರು ಮೊದಲ ವಾರ ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ, ವಾರಕ್ಕೆ ನಾಲ್ಕೈದು ನಿಮಿಷ ಏರಿಸುತ್ತ ಹೋದರೆ ಒಂದೂವರೆ ತಿಂಗಳಲ್ಲಿ ಅರ್ಧ ಗಂಟೆ ತಲುಪಬಹುದು. ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ನಡೆಯುವುದು ಕಷ್ಟ. ಅಲ್ಲಿನ ಅಡಿಕೆ, ಗೋಡಂಬಿ ವ್ಯಾಪಾರಿಗಳಿಗೆ ಉದ್ದನೆಯ ಗೋದಾಮುಗಳಿವೆ. ಆ ತಿಂಗಳುಗಳಲ್ಲಿ ದಾಸ್ತಾನು ಕಡಿಮೆಯಿರುವ ಕಡೆ ಗೋಡೆಯಿಂದ ಗೋಡೆಗೆ ಹದಿನೈದು ನಿಮಿಷ ನಡೆಯಲು ಜಾಗ ಧಾರಾಳವಾಗಿ ಸಿಗುತ್ತದೆ.