ಹಾಡಿನ ಪಹಣಿಯಲ್ಲಿ ಯಾರ ಹೆಸರು?

ಬ್ರಿಟನ್ನಿನ ಗಾಯಕಿ ಇಮೋಜನ್ ಹೀಪ್ 2015ರ ಅಕ್ಟೋಬರಿನಲ್ಲಿ ‘ಟೈನಿ ಹ್ಯೂಮನ್’ ಎಂಬ ಹಾಡೊಂದನ್ನು ಮಾರಾಟಕ್ಕಿಟ್ಟರು. ಬೆಲೆ 60 ಸೆಂಟ್. ಕೊಳ್ಳುವವರು ಕಾರ್ಡು ಉಜ್ಜುವ ಹಾಗಿರಲಿಲ್ಲ. ಹುಟ್ಟಿ ಮೂರು ತಿಂಗಳೂ ತುಂಬದ ಇಥೀರಿಯಂ ಎಂಬ ಜಾಲದಲ್ಲಿ, ಈಥರ್ ಎಂಬ ಡಿಜಿಟಲ್ ನಾಣ್ಯದಲ್ಲೇ ಹಣ ಕೊಡಬೇಕಿತ್ತು. ಹಣ ಬಿದ್ದ ಕೂಡಲೇ ಪುಟ್ಟ ಪ್ರೋಗ್ರಾಂ ಒಂದು ಅದನ್ನು ಪಾಲು ಮಾಡಿ, ಹೀಪ್ ಅವರಿಗೂ ಹಾಡಿನಲ್ಲಿ ನುಡಿಸಿದ ವಾದ್ಯಗಾರರಿಗೂ ಮೊದಲೇ ಗೊತ್ತುಮಾಡಿದಷ್ಟು ಹಂಚಿಬಿಡುತ್ತಿತ್ತು. ನಡುವೆ ಕಂಪನಿಯಿಲ್ಲ, ಏಜೆಂಟರಿಲ್ಲ, ತಿಂಗಳುಗಟ್ಟಲೆ ತಡವಾಗಿ ಬರುವ ಸ್ಟೇಟ್‌ಮೆಂಟಿಗೆ ಕಾಯುವ ಪಾಡಿಲ್ಲ.

ಇಥೀರಿಯಂನ ಹಿಂದಿರುವ ಬ್ಲಾಕ್‌ಚೈನ್ ತಂತ್ರಜ್ಞಾನ ಸಂಗೀತೋದ್ಯಮವನ್ನೇ ಬುಡಮೇಲು ಮಾಡಲಿದೆ ಎಂಬ ಮಾತು ಎಲ್ಲೆಡೆ ಹಬ್ಬಿತು. ಹಾಡು ಗಳಿಸಿದ್ದು ಸುಮಾರು 133 ಡಾಲರ್.

ಮೊತ್ತ ನೋಡಿ ನಗುವುದು ಸುಲಭ. ಆದರೆ ಹೀಪ್ ಮದ್ದು ಹುಡುಕಲು ಹೊರಟಿದ್ದ ಕಾಯಿಲೆ ಸುಳ್ಳಲ್ಲ. ನಮ್ಮ ಒಂದು ಚಿತ್ರಗೀತೆಯನ್ನೇ ತೆಗೆದುಕೊಳ್ಳಿ. ಸಾಹಿತ್ಯ ಬರೆದವರೊಬ್ಬರು, ರಾಗ ಹಾಕಿದವರೊಬ್ಬರು, ಹಾಡಿದವರು ಬೇರೆ, ದುಡ್ಡು ಹಾಕಿದ ನಿರ್ಮಾಪಕರು ಬೇರೆ, ಅವರಿಂದ ಹಕ್ಕು ಕೊಂಡ ಆಡಿಯೊ ಕಂಪನಿ ಇನ್ನೊಂದು. ಕಾನೂನಿನ ಕಣ್ಣಿಗೆ ಇಲ್ಲಿರುವುದು ಎರಡು ಬಗೆಯ ಸ್ವತ್ತು: ಬರೆದು ರಾಗ ಹಾಕಿದ ಕೃತಿ ಒಂದು, ಅದರ ಧ್ವನಿಮುದ್ರಿಕೆ ಇನ್ನೊಂದು. ಮುದ್ರಿಕೆಗೆ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು. ಕೃತಿಗೆ ಐಎಸ್‌ಡಬ್ಲ್ಯುಸಿ ಎಂಬ ಬೇರೆಯದೇ ಗುರುತು. ಯಾವ ಮುದ್ರಿಕೆ ಯಾವ ಕೃತಿಯದು ಎಂದು ಎರಡನ್ನೂ ಗಂಟುಹಾಕಿ ತೋರಿಸುವ, ಎಲ್ಲರೂ ಒಪ್ಪುವ ಒಂದೇ ಪುಸ್ತಕ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ಅದರ ಫಲ ಏನು ಎಂಬುದಕ್ಕೆ ಅಮೆರಿಕದ ಒಂದು ಲೆಕ್ಕ ಸಾಕು. ಅಲ್ಲಿ ಹೊಸ ಕಾನೂನಿನಡಿ ಹುಟ್ಟಿದ ಎಂಎಲ್‌ಸಿ ಎಂಬ ಸಂಸ್ಥೆಗೆ 2021ರ ಫೆಬ್ರುವರಿಯಲ್ಲಿ 20 ಸ್ಟ್ರೀಮಿಂಗ್ ಕಂಪನಿಗಳು ತಮ್ಮ ಬಳಿ ಉಳಿದುಹೋಗಿದ್ದ ರಾಯಧನವನ್ನು ಒಪ್ಪಿಸಿದವು. ಮೊತ್ತ ಸುಮಾರು 42.4 ಕೋಟಿ ಡಾಲರ್. ಹಾಡನ್ನು ಜನ ಕೇಳಿದ್ದರು, ಹಣವೂ ಇತ್ತು, ಯಾರಿಗೆ ಸೇರಬೇಕು ಎಂಬುದಷ್ಟೇ ತಾಳೆಯಾಗಿರಲಿಲ್ಲ.

ಜಾಗತಿಕ ಪುಸ್ತಕವೊಂದನ್ನು ಬರೆಯುವ ಯತ್ನ ನಡೆಯದೆ ಇಲ್ಲ. ಗ್ಲೋಬಲ್ ರೆಪರ್ಟರಿ ಡೇಟಾಬೇಸ್ ಎಂಬ ಯೋಜನೆಗೆ ಹಲವು ದೇಶಗಳ, ರಾಯಧನ ವಸೂಲಿ ಮಾಡುವ ಹಕ್ಕುಸ್ವಾಮ್ಯ ಸಂಘಗಳೂ ಪ್ರಕಾಶಕರೂ ಕೈಜೋಡಿಸಿ, ವರ್ಷಗಟ್ಟಲೆ ಸಭೆ ನಡೆಸಿ, 2014ರಲ್ಲಿ ಕೈಚೆಲ್ಲಿದರು. ಪುಸ್ತಕದ ಹಿಡಿತ ಯಾರಿಗೆ, ಖರ್ಚು ಯಾರದು ಎಂಬ ಹಗ್ಗಜಗ್ಗಾಟವೇ ಅದನ್ನು ಮುಗಿಸಿತು. ಮರುವರ್ಷವೇ ಹೀಪ್ ಅವರ ಪ್ರಯೋಗ ಅಷ್ಟು ಕುತೂಹಲ ಹುಟ್ಟಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಏಕೆಂದರೆ, ಪುಸ್ತಕ ಯಾರ ಮನೆಯಲ್ಲಿರಬೇಕು ಎಂಬ ಪ್ರಶ್ನೆಗೆ ಬ್ಲಾಕ್‌ಚೈನ್ ಬಳಿ ಉತ್ತರವಿದೆ: ಎಲ್ಲರ ಮನೆಯಲ್ಲೂ.

ಹಳೆಯ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ನೋಡಿದವರಿಗೆ ಇದು ಕಷ್ಟವಲ್ಲ. ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದಿಂದ ತಂದ ಮೊತ್ತ ಇರುತ್ತದೆ. ಹತ್ತನೇ ಪುಟದಲ್ಲಿ ಯಾರಾದರೂ ಒಂದು ಅಂಕಿ ತಿದ್ದಿದರೆ ಹನ್ನೊಂದನೆಯದು ತಾಳೆಯಾಗುವುದಿಲ್ಲ. ಬ್ಲಾಕ್‌ಚೈನಿನಲ್ಲಿ ಪುಟಕ್ಕೆ ಬದಲು ಬ್ಲಾಕ್, ಮೊತ್ತಕ್ಕೆ ಬದಲು ಹ್ಯಾಶ್. ಹ್ಯಾಶ್ ಎಂದರೆ ಗಣಿತದ ಸೂತ್ರವೊಂದು ಇಡೀ ಪುಟವನ್ನು ಅರೆದು ತೆಗೆದ ಉದ್ದನೆಯ ಸಂಖ್ಯೆ. ಪುಟದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಂಖ್ಯೆ ಗುರುತೇ ಸಿಗದಷ್ಟು ಬದಲಾಗುತ್ತದೆ. ಜೊತೆಗೆ, ಚೀಟಿ ಹಾಕಿದವರೆಲ್ಲ ತಮ್ಮತಮ್ಮ ಮನೆಯಲ್ಲೂ ಲೆಕ್ಕ ಇಟ್ಟುಕೊಂಡಂತೆ, ಈ ಪುಸ್ತಕದ ಪ್ರತಿಗಳು ಸಾವಿರಾರು ಕಂಪ್ಯೂಟರುಗಳಲ್ಲಿರುತ್ತವೆ. ಒಬ್ಬರು ತಮ್ಮ ಪ್ರತಿ ತಿದ್ದಿಕೊಂಡರೆ ಉಳಿದವರು ಒಪ್ಪುವುದಿಲ್ಲ.

ಹೀಪ್ ಅವರ ಹಣ ಹಂಚಿದ ಪ್ರೋಗ್ರಾಮಿಗೆ ಸ್ಮಾರ್ಟ್ ಕಾಂಟ್ರಾಕ್ಟ್ ಎಂದು ಹೆಸರು. 1990ರ ದಶಕದಲ್ಲಿ ಈ ಕಲ್ಪನೆಯನ್ನು ಮುಂದಿಟ್ಟ ನಿಕ್ ಸಾಬೊ ಅದನ್ನು ನಾಣ್ಯ ಹಾಕಿದರೆ ಪಾನೀಯ ಕೊಡುವ ಯಂತ್ರಕ್ಕೆ ಹೋಲಿಸಿದ್ದರು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ, ಷರತ್ತು ಪೂರೈಸಿದರೆ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ.

ಇಲ್ಲಿಯವರೆಗೆ ಎಲ್ಲ ಸೊಗಸು. ತೊಡಕು ಇರುವುದು ಪುಸ್ತಕದಲ್ಲಿ ಮೊದಲ ಬಾರಿ ಹೆಸರು ಬರೆಯುವ ಕೈಯಲ್ಲಿ. ಕರ್ನಾಟಕದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಬರಹದ ಪಹಣಿ ಕಂಪ್ಯೂಟರಿಗೆ ಏರುವಾಗ ಹೆಸರು ತಪ್ಪಾಗಿ ಬಿದ್ದಿದ್ದರೆ, ಆಮೇಲೆ ಸಿಗುವುದು ಅದೇ ತಪ್ಪಿನ ಅಚ್ಚುಕಟ್ಟಾದ ಪ್ರಿಂಟು. ಬ್ಲಾಕ್‌ಚೈನಿನಲ್ಲಿ ಆ ಪ್ರಿಂಟನ್ನು ಅಳಿಸಲೂ ಆಗದು.

ಬ್ರಿಟನ್ನಿನ ಪ್ರೊಕೋಲ್ ಹಾರಮ್ ತಂಡದ ‘ಎ ವೈಟರ್ ಶೇಡ್ ಆಫ್ ಪೇಲ್’ 1967ರಲ್ಲಿ ಬಂದ ಹಾಡು. ಅದರ ಆರಂಭದ ಆರ್ಗನ್ ನಾದ ಕೇಳಿದರೆ ಸಾಕು, ಹಾಡು ಯಾವುದೆಂದು ಜನ ಹೇಳಿಬಿಡುತ್ತಾರೆ. ಆ ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಶರ್ ಹೆಸರು ಕೃತಿಕಾರರ ಪಟ್ಟಿಯಲ್ಲಿ ಇರಲಿಲ್ಲ. ಸುಮಾರು ನಾಲ್ಕು ದಶಕಗಳ ನಂತರ ಅವರು ಕೋರ್ಟಿಗೆ ಹೋದರು. 2006ರಲ್ಲಿ ನ್ಯಾಯಾಲಯ ಸಂಗೀತದ ಹಕ್ಕಿನಲ್ಲಿ ಶೇ 40ರಷ್ಟು ಅವರದೆಂದಿತು. ಮೇಲ್ಮನವಿಯಲ್ಲಿ ಹಣ ಕೈತಪ್ಪಿತು. ಕೊನೆಗೆ 2009ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಮರಳಿಸಿತು. 1967ರಲ್ಲೇ ಬ್ಲಾಕ್‌ಚೈನ್ ಇದ್ದಿದ್ದರೆ? ಫಿಶರ್ ಹೆಸರಿಲ್ಲದ ಪಟ್ಟಿಯೇ ಸಾವಿರಾರು ಕಂಪ್ಯೂಟರುಗಳಲ್ಲಿ ಭದ್ರವಾಗಿ ಕೂರುತ್ತಿತ್ತು. ನುಡಿಸಿದ್ದು ಬರೀ ಪಕ್ಕವಾದ್ಯವೋ, ಸಂಯೋಜನೆಯ ಭಾಗವೋ ಎಂದು ತೀರ್ಮಾನಿಸಲು ಕಿವಿಯೂ ವಿವೇಚನೆಯೂ ಬೇಕು. ಹ್ಯಾಶಿಗೆ ಎರಡೂ ಇಲ್ಲ.

ಕಿವಿಯಿಲ್ಲ ಎಂಬುದು ಅಲಂಕಾರದ ಮಾತಲ್ಲ. ಹಾಡಿನ ಕಡತ ದೊಡ್ಡದಾದ್ದರಿಂದ ಸಾಮಾನ್ಯವಾಗಿ ಬ್ಲಾಕ್‌ಚೈನಿಗೆ ಏರುವುದು ಅದರ ಹ್ಯಾಶ್ ಮಾತ್ರ. ಅದೇ ಹಾಡನ್ನು ಎಂಪಿ3ಯಿಂದ ಇನ್ನೊಂದು ನಮೂನೆಗೆ ಬದಲಿಸಿದರೆ ಕೇಳುಗರಿಗೆ ವ್ಯತ್ಯಾಸವೇ ತಿಳಿಯದು, ಹ್ಯಾಶ್ ಮಾತ್ರ ಪೂರ್ತಿ ಬೇರೆ. ಕದ್ದ ಹಾಡನ್ನು ಗುರುತಿಸಲು ಯೂಟ್ಯೂಬಿನ ಕಂಟೆಂಟ್ ಐಡಿಯಂಥ ವ್ಯವಸ್ಥೆ ಬೇಕು. ಅದು ನೋಡುವುದು ಧ್ವನಿಯ ಚಹರೆಯನ್ನು. ಅದಕ್ಕೂ ಬ್ಲಾಕ್‌ಚೈನಿಗೂ ನೆಂಟಸ್ತಿಕೆಯಿಲ್ಲ.

ಹಾಗಿದ್ದೂ ದೊಡ್ಡವರು ಈ ಕಡೆ ನೋಡಿದ್ದುಂಟು. 2017ರಲ್ಲಿ ಅಮೆರಿಕದ ಆಸ್ಕ್ಯಾಪ್, ಬ್ರಿಟನ್ನಿನ ಪಿಆರ್‌ಎಸ್, ಫ್ರಾನ್ಸಿನ ಸಾಸೆಮ್ ಎಂಬ ಹಕ್ಕುಸ್ವಾಮ್ಯ ಸಂಘಗಳು ಐಬಿಎಂ ಜೊತೆ ಸೇರಿ, ಮುದ್ರಿಕೆ-ಕೃತಿಗಳ ಗುರುತುಗಳನ್ನು ಬೆಸೆಯಲು ಬ್ಲಾಕ್‌ಚೈನ್ ಪ್ರಯೋಗ ಸಾರಿದವು. ಅದೇ ವರ್ಷ ಸ್ಪಾಟಿಫೈ ಮೀಡಿಯಾಚೈನ್ ಎಂಬ ಪುಟ್ಟ ಕಂಪನಿಯನ್ನು ಕೊಂಡಿತು. ಆಮೇಲೆ ಬಂದ ಎನ್‌ಎಫ್‌ಟಿ (ಡಿಜಿಟಲ್ ವಸ್ತುವಿನ ಒಡೆತನವನ್ನು ಬ್ಲಾಕ್‌ಚೈನಿನಲ್ಲಿ ನಮೂದಿಸುವ ಟೋಕನ್) ಅಲೆಯಲ್ಲಿ ಗದ್ದಲವೇ ಹೆಚ್ಚು: 2021ರಲ್ಲಿ ಕಿಂಗ್ಸ್ ಆಫ್ ಲಿಯಾನ್ ತಂಡ ಆಲ್ಬಂ ಅನ್ನು ಎನ್‌ಎಫ್‌ಟಿ ರೂಪದಲ್ಲಿ ಮಾರಿತು, 2022ರ ಆರಂಭದಲ್ಲಿ ರ್‍ಯಾಪರ್ ನಾಸ್ ತಮ್ಮ ಎರಡು ಹಾಡುಗಳ ಸ್ಟ್ರೀಮಿಂಗ್ ರಾಯಧನದ ಪಾಲನ್ನೇ ಅಭಿಮಾನಿಗಳಿಗೆ ಮಾರಿದರು. ಅದೇ ವರ್ಷದ ಜುಲೈನಲ್ಲಿ ಬ್ಲಾಕ್‌ಚೈನ್ ಆಧಾರಿತ ಆಡಿಯಸ್ ಎಂಬ ಸಂಗೀತ ವೇದಿಕೆಯ ಕಾಂಟ್ರಾಕ್ಟಿನಲ್ಲಿದ್ದ ದೋಷವೊಂದನ್ನು ಬಳಸಿ ಸುಮಾರು 60 ಲಕ್ಷ ಡಾಲರ್ ಬೆಲೆಯ ಟೋಕನ್‌ಗಳನ್ನು ಕದಿಯಲಾಯಿತು. ದಾಕ್ಷಿಣ್ಯವಿಲ್ಲದ ಯಂತ್ರ ಕಳ್ಳನಿಗೂ ಅಷ್ಟೇ ನಿಷ್ಠೆಯಿಂದ ಕೊಟ್ಟಿತು.

ಇಥೀರಿಯಂ ವಿಪರೀತ ವಿದ್ಯುತ್ ನುಂಗುತ್ತದೆ ಎಂಬ ಆಕ್ಷೇಪ ಮಾತ್ರ ಈಗ ಹಳತಾಗಿದೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ತನ್ನ ಲೆಕ್ಕ ಪರಿಶೀಲನೆಯ ಪದ್ಧತಿ ಬದಲಿಸಿ, ಬಳಕೆಯನ್ನು ಶೇ 99ಕ್ಕೂ ಹೆಚ್ಚು ಇಳಿಸಿಕೊಂಡಿತು.

ಭಾರತದಲ್ಲಿ ಗೀತರಚನೆಕಾರರ ಪಾಲಿಗೆ ನಿಜವಾದ ಬದಲಾವಣೆ ತಂದದ್ದು ಕೋಡ್ ಅಲ್ಲ, ಕಾನೂನು. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ಪ್ರಕಾರ ಸಿನಿಮಾ ಹಾಡಿನ ಸಾಹಿತಿ ಮತ್ತು ಸಂಯೋಜಕರು, ಚಿತ್ರಮಂದಿರದ ಪ್ರದರ್ಶನದ ಹೊರಗಿನ ಬಳಕೆಗೆ ಬರುವ ರಾಯಧನದ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ. ವಾರಸುದಾರರಿಗೋ ಹಕ್ಕುಸ್ವಾಮ್ಯ ಸಂಘಕ್ಕೋ ಮಾತ್ರ ವಹಿಸಬಹುದು. ಅದಕ್ಕಾಗಿ ರಾಜ್ಯಸಭೆಯಲ್ಲಿ ದನಿಯೆತ್ತಿದವರು ಕವಿ ಜಾವೇದ್ ಅಖ್ತರ್. ಎನ್‌ಎಫ್‌ಟಿ ಕಡೆ ನೋಡುವವರು ಮರೆಯಬಾರದ ಇನ್ನೊಂದು ಕಾನೂನಿದೆ: ಇಂಥ ಡಿಜಿಟಲ್ ಆಸ್ತಿ ಮಾರಿದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ.

ಬೆಂಗಳೂರಲ್ಲೋ ಧಾರವಾಡದಲ್ಲೋ ಗೆಳೆಯರು ಸೇರಿ ಸ್ವಂತ ಹಾಡು ಮಾಡುತ್ತಿದ್ದರೆ ಬ್ಲಾಕ್‌ಚೈನಿಗೆ ಕಾಯಬೇಕಿಲ್ಲ. ಸಾಹಿತ್ಯ ಯಾರದು, ರಾಗ ಯಾರದು, ನುಡಿಸಿದವರಿಗೆ ಎಷ್ಟು ಎಂದು ಶೇಕಡಾವಾರು ಬರೆದು, ಸ್ಟುಡಿಯೊ ಬಿಟ್ಟು ಹೊರಡುವ ಮುನ್ನ ಎಲ್ಲರ ಸಹಿ ಹಾಕಿಸಿ ಒಂದೊಂದು ಪ್ರತಿ ಕೊಟ್ಟುಬಿಡಿ. ಮುಂದೊಂದು ದಿನ ಯಾವ ತಂತ್ರಜ್ಞಾನ ಬಂದರೂ ಅದು ಮೊದಲು ಕೇಳುವುದು ಆ ಹಾಳೆಯನ್ನೇ.