ಹಿಮಸಾಗರದ ತಳದಲ್ಲಿ ಮೀನುಗೂಡುಗಳ ಎಣಿಕೆ

ಮಕ್ಕಳೇ, ಕೆರೆಯಲ್ಲಿ ಎಷ್ಟು ಮೀನುಗಳಿವೆ ಎಂದು ತಿಳಿಯಲು ಏನು ಮಾಡುವಿರಿ? ಬಲೆ ಹಾಕಿ ನೋಡಬಹುದು ಅಲ್ಲವೇ? ಆದರೆ ಮೇಲೆಲ್ಲ ಮಂಜುಗಡ್ಡೆ ತೇಲುವ, 400 ಮೀಟರಿಗೂ ಹೆಚ್ಚು ಆಳದ ಕತ್ತಲ ಸಮುದ್ರದಲ್ಲಿ ಏನು ಮಾಡುವುದು?

ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರ ಅಂಥದು. ಉಪ್ಪಿರುವುದರಿಂದ ಅದರ ನೀರು ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ಕೂಡಲೇ ಹೆಪ್ಪುಗಟ್ಟುವುದಿಲ್ಲ. ಇಲ್ಲಿ ವಾಸಿಸುವ ಹಿಮಮೀನಿನ ದೇಹದಲ್ಲಿ ಮಂಜಿನ ಹರಳು ಬೆಳೆಯದಂತೆ ತಡೆಯುವ ಪ್ರೋಟೀನ್ ಇದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲ, ಆದ್ದರಿಂದ ಅದಕ್ಕೆ ಕೆಂಪು ಬಣ್ಣವೂ ಇಲ್ಲ! ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. ಅಷ್ಟೇ ಈ ಮೀನಿಗೆ ಸಾಕು.

2021ರ ಫೆಬ್ರವರಿಯಲ್ಲಿ ಜರ್ಮನಿಯ 'ಪೋಲಾರ್‌ಸ್ಟರ್ನ್' ಹಡಗಿನಲ್ಲಿದ್ದ ವಿಜ್ಞಾನಿಗಳು ಉದ್ದನೆಯ ಕೇಬಲ್ಲಿಗೆ ದೀಪ ಮತ್ತು ಕ್ಯಾಮೆರಾಗಳನ್ನು ಕಟ್ಟಿ ಸಮುದ್ರದ ತಳದ ಹತ್ತಿರಕ್ಕೆ ಇಳಿಬಿಟ್ಟರು. ಹಡಗು ಮೆಲ್ಲನೆ ಸಾಗಿದಂತೆ ಕ್ಯಾಮೆರಾ ಚಿತ್ರ ತೆಗೆಯುತ್ತಾ ಹೋಯಿತು. ಚಿತ್ರದಲ್ಲಿ ಕಂಡದ್ದೇನು? ಸುಮಾರು 75 ಸೆಂಟಿಮೀಟರ್ ಅಗಲದ ದುಂಡನೆಯ ಗೂಡುಗಳು! ಹೆಚ್ಚಿನವುಗಳಲ್ಲಿ ಒಂದೊಂದು ಮೀನು ಕಾವಲಿಗಿತ್ತು. ಮೊಟ್ಟೆಗಳು ಗೂಡೊಂದಕ್ಕೆ ಸರಾಸರಿ 1,700ಕ್ಕೂ ಹೆಚ್ಚು.

ತಳಕ್ಕೆ ಬಲೆ ಎಳೆದಿದ್ದರೆ ಮೀನುಗಳೇನೋ ಸಿಗುತ್ತಿದ್ದವು, ಆದರೆ ಗೂಡುಗಳು ಹಾಳಾಗುತ್ತಿದ್ದವು. ಅಲ್ಲಿ ಗೂಡುಗಳಿದ್ದವೆಂದು ತಿಳಿಯುತ್ತಲೂ ಇರಲಿಲ್ಲ.

ವಿಜ್ಞಾನಿಗಳು ಚಿತ್ರಗಳಲ್ಲಿ ಎಣಿಸಿದ್ದು 16,160 ಗೂಡುಗಳನ್ನು. ಉಳಿದವನ್ನು ಲೆಕ್ಕದಿಂದ ಅಂದಾಜು ಮಾಡಿದರು. ನೀವೂ ಮಾಡಿ ನೋಡಿ. ಸುಮಾರು 4 ಚದರ ಮೀಟರಿಗೆ ಒಂದು ಗೂಡು. ಗೂಡುಗಳಿರುವ ಪ್ರದೇಶ ಸುಮಾರು 240 ಚದರ ಕಿಲೋಮೀಟರ್, ಅಂದರೆ 24 ಕೋಟಿ ಚದರ ಮೀಟರ್. ಇದನ್ನು 4ರಿಂದ ಭಾಗಿಸಿ. ಉತ್ತರ 6 ಕೋಟಿ ಗೂಡುಗಳು!

ಈ ಎಣಿಕೆಯಿಂದ ಏನು ಉಪಯೋಗ? ಎಲ್ಲಿ ಏನಿದೆ ಎಂದು ತಿಳಿಯದೆ ಅದನ್ನು ಕಾಪಾಡಲಾಗದು. ವೆಡೆಲ್ ಸಮುದ್ರವನ್ನು ಸಂರಕ್ಷಿತ ಪ್ರದೇಶವಾಗಿಸುವ ಪ್ರಸ್ತಾವ 2016ರಿಂದಲೂ ಅಂತರರಾಷ್ಟ್ರೀಯ ಆಯೋಗದ ಮುಂದಿದೆ. 2021ರಲ್ಲಿ ಭಾರತವೂ ಇದಕ್ಕೆ ಬೆಂಬಲ ಸೂಚಿಸಿತು. ಆದರೆ ಸದಸ್ಯ ರಾಷ್ಟ್ರಗಳೆಲ್ಲವೂ ಒಪ್ಪಬೇಕು. 2024ರ ಸಭೆಯಲ್ಲೂ ಒಮ್ಮತ ಮೂಡಲಿಲ್ಲ.

ಮಾಡಿ ನೋಡಿ: ಶಾಲೆಯ ಮೈದಾನದಲ್ಲಿ ಹಗ್ಗದಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಹಾಕಿ, ಅದರೊಳಗಿನ ಗಿಡಗಳನ್ನು ಎಣಿಸಿ. ಹೀಗೆ ಹತ್ತು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಅದನ್ನು ಮೈದಾನದ ವಿಸ್ತೀರ್ಣದಿಂದ ಗುಣಿಸಿ. ಒಂದು ಎಚ್ಚರಿಕೆ: ಗಿಡ ದಟ್ಟವಾಗಿರುವ ಕಡೆಯಷ್ಟೇ ಚೌಕ ಹಾಕಿದರೆ ಉತ್ತರ ತಪ್ಪಾಗುತ್ತದೆ. ಏಕೆ? ಗೆಳೆಯರೊಡನೆ ಚರ್ಚಿಸಿ.